ಕ್ಯಾಮೆರಾ ಮುಂದೆ ಒಂದು ಆಲೂಗಡ್ಡೆ

ನಾನು ಫೊರೆನ್ಸಿಕ್ ಮೇಷ್ಟ್ರು ಎಂದರೆ ಅಹಮದಾಬಾದಿನ ನೆರೆಹೊರೆಯವರು ‘ಗಾಂಧಿನಗರದ ಯೂನಿವರ್ಸಿಟಿಯಲ್ಲೋ?’ ಎಂದು ಕೇಳುತ್ತಾರೆ. 2020ರಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯವಾದ ಆ ಸಂಸ್ಥೆಯದು ವಿಧಿವಿಜ್ಞಾನ. ನನ್ನದು ಎಂಬಿಬಿಎಸ್ ಮಕ್ಕಳಿಗೆ ಗಾಯ, ವಿಷ, ಸಾವುಗಳ ಬಗ್ಗೆ ಕಲಿಸುವ ಕೆಲಸ. ದಾವಣಗೆರೆಯ ನಮ್ಮಮ್ಮನ ಮಾತಿನಲ್ಲಿ ‘ಹೆಣ ಕುಯ್ಯೋ ಪಾಠ’.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಹಾಸ್ಟೆಲ್ ಖಾಲಿಯಾಯಿತು. ಮಕ್ಕಳು ಸೂರತ್, ಭಾವನಗರ, ದಾಹೋದ್‌ನ ಮನೆಗಳಲ್ಲಿ, ನಾನು ಅಡುಗೆಮನೆ ಪಕ್ಕದ ಮೇಜಿನಲ್ಲಿ. ಪಂಚನಾಮೆ, ಸಮನ್ಸ್, ಕೋರ್ಟಿನಲ್ಲಿ ಸಾಕ್ಷಿ ಹೇಳುವ ಕ್ರಮ ಎಲ್ಲ ಆನ್‌ಲೈನ್‌ನಲ್ಲಿ ಸಲೀಸಾಗಿ ನಡೆದವು. ಕೊನೆ ಬೆಂಚು ಎಂಬುದೇ ಇರಲಿಲ್ಲವಲ್ಲ! ತೊಡಕಾದದ್ದು ಗಾಯದ ಪಾಠ.

ಒಂದು ಆಲೂಗಡ್ಡೆಯನ್ನು ಚಾಕುವಿನಿಂದ ಕೊಯ್ದು, ಇನ್ನೊಂದನ್ನು ಲಟ್ಟಣಿಗೆಯಿಂದ ಜಜ್ಜಿ ತೋರಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ. ಆದರೆ ನೆತ್ತಿ ಆಲೂಗಡ್ಡೆಯಲ್ಲ. ಚರ್ಮದ ಕೆಳಗೇ ಮೂಳೆ ಇರುವುದರಿಂದ ದೊಣ್ಣೆಯ ಪೆಟ್ಟಿಗೆ ಒಡೆದ ಚರ್ಮವೂ ಚಾಕುವಿನಲ್ಲಿ ಕೊಯ್ದ ಹಾಗೇ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಮಾತ್ರ ಅಂಚು ಜಜ್ಜಿರುವುದು, ಕೂದಲ ಬುಡ ನುಜ್ಜಾಗಿರುವುದು, ಗಾಯದ ತಳದಲ್ಲಿ ದಡದಿಂದ ದಡಕ್ಕೆ ಎಳೆಗಳು ಉಳಿದಿರುವುದು ಗೊತ್ತಾಗುತ್ತದೆ. ಡಾಕ್ಟರು ತಪ್ಪಿ ‘ಹರಿತವಾದ ಆಯುಧ’ ಎಂದು ಬರೆದರೆ ಕೇಸಿನ ಸೆಕ್ಷನ್ನೇ ಬದಲಾಗಬಹುದು. ಹಾಗೆ ಬರೆಯಬೇಕಾದವರು ನಮ್ಮಂಥ ತಜ್ಞರಲ್ಲ, ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಹೊಸ ಡಾಕ್ಟರು.

ಶವಾಗಾರವೂ ಆಗ ಮೊದಲಿನಂತಿರಲಿಲ್ಲ. ಕೋವಿಡ್ ಶವಗಳನ್ನು ಆದಷ್ಟು ಕೊಯ್ಯದೆಯೇ ಪರೀಕ್ಷಿಸಿ ಎಂದು ಐಸಿಎಂಆರ್ ಸೂಚಿಸಿತ್ತು. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಡಾ. ದಿನೇಶ್ ರಾವ್ ಕೋವಿಡ್‌ನಿಂದ ತೀರಿಕೊಂಡವರೊಬ್ಬರ ಮರಣೋತ್ತರ ಪರೀಕ್ಷೆ ಮಾಡಿದರು. ಶ್ವಾಸಕೋಶ ಚರ್ಮದ ಚೆಂಡಿನಂತೆ ಗಟ್ಟಿಯಾಗಿತ್ತಂತೆ. ಈ ಸುದ್ದಿಯನ್ನು ಕ್ಲಾಸಿನಲ್ಲಿ ಹೇಳಿದಾಗ ದಾಹೋದ್‌ನ ಹುಡುಗಿಯೊಬ್ಬಳು ಕೇಳಿದಳು: ‘ಸರ್, ಫಾರ್ಮಲಿನ್‌ನಲ್ಲಿ ಇಟ್ಟದ್ದನ್ನು ಮುಟ್ಟಿದ್ದೇನೆ. ತಾಜಾ ಶ್ವಾಸಕೋಶ ಹೇಗಿರುತ್ತೆ?’ ಸ್ಪಂಜಿನ ಹಾಗೆ, ಒತ್ತಿದರೆ ಕರಕರ ಅನ್ನುತ್ತೆ ಎಂದೆ. ಬರೆದುಕೊಂಡಳು. ಬರೆದುಕೊಂಡರೆ ಬೆರಳಿಗೆ ಏನು ಗೊತ್ತಾಗುತ್ತದೆ?

ಮಕ್ಕಳು ವಾಪಸಾದ ಮೇಲೆ ಉಳಿದ ಸಮಯದಲ್ಲಿ ಆ ತಂಡವನ್ನು ಸಾಧ್ಯವಾದಷ್ಟು ಸಲ ಶವಾಗಾರಕ್ಕೆ ಕರೆದೊಯ್ದೆ. ಸಾಲಲಿಲ್ಲ. ಆ ಅಳುಕು ನನಗೆ ಈಗಲೂ ಇದೆ.

ಕಳೆದ ವರ್ಷ ರಾತ್ರಿ ಒಂದೂವರೆಗೆ ಅದೇ ಹುಡುಗಿಯ ಫೋನ್. ಈಗ ಹಳ್ಳಿ ಕಡೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ತಲೆಗೆ ಪೆಟ್ಟು, ಹೊರಗೆ ಪೊಲೀಸರು ಕಾಯುತ್ತಿದ್ದಾರೆ.

‘ಫೋಟೊ ಕಳಿಸಲಾ ಸರ್?’

‘ಫೋಟೊ ಬೇಡಮ್ಮ. ಲೆನ್ಸ್ ಇದೆಯಾ? ರಕ್ತ ಒರೆಸಿ ನಿಧಾನವಾಗಿ ನೋಡು.’

ಫೋನು ಮೇಜಿನ ಮೇಲಿಟ್ಟ ಸದ್ದು. ಎರಡು ನಿಮಿಷ ಮಾತಿಲ್ಲ.

‘ಎಳೆಗಳಿವೆ ಸರ್.’