ಓದೂ ಉಂಟು, ದುಡಿಮೆಯೂ ಉಂಟು – ಮನೆಯ ಆಸರೆ ಉಂಟೇ?

ಮಗಳು ಪಿ.ಯು.ಸಿ. ಮುಗಿಸಿದ ಮೇಲೆ ನಮ್ಮಂಥ ಮನೆಗಳಲ್ಲಿ ಏಳುವ ಪ್ರಶ್ನೆ ನಿಮಗೆ ಗೊತ್ತೇ ಇದೆ: ‘ಇನ್ನೂ ಓದಿಸೋದೋ, ಕೆಲಸಕ್ಕೆ ಕಳಿಸೋದೋ?’ ಓದಿಸೋಣವೆಂದರೆ ಖರ್ಚು. ಕೆಲಸಕ್ಕೆ ಕಳಿಸಿದರೆ ಪದವಿಯ ಆಸೆ ಅಲ್ಲಿಗೇ ಮುಗಿಯಿತು. ಈಗ ಇವೆರಡರ ನಡುವೆ ಮೂರನೆಯ ದಾರಿಯೊಂದು ತೆರೆದಿದೆ. ಅದೇ ಅಪ್ರೆಂಟಿಸ್‌ಶಿಪ್ ಸೇರಿಸಿದ ಪದವಿ. ಕಾಲೇಜಿನ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಕಂಪನಿಯಲ್ಲಿ ಕೆಲಸವನ್ನೂ ಕಲಿಯುತ್ತಾಳೆ, ತಿಂಗಳಿಗಿಷ್ಟು ಎಂದು ಹಣವೂ ಕೈಗೆ ಬರುತ್ತದೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ, ಅಲ್ಲವೇ? ನಿಜಕ್ಕೂ ಚೆನ್ನಾಗಿಯೇ ಇದೆ. ಆದರೆ ಸೇರಿಸುವ ಮುನ್ನ ತಾಯಂದಿರಾದ ನಾವು ತಿಳಿದಿರಬೇಕಾದ ಸಂಗತಿಗಳು ಕೆಲವಿವೆ.

ಏನಿದು ಹೊಸ ಪದವಿ?

ದುಡಿಯುತ್ತ ಓದುವುದು ಮೈಸೂರಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತ್ತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಆದರೆ ಅಂಚೆ ಶಿಕ್ಷಣದಲ್ಲಿ ಕೆಲಸ ಬೇರೆ, ಓದು ಬೇರೆ. ಈ ಹೊಸ ಪದವಿಯಲ್ಲಿ ಕೆಲಸವೇ ಓದಿನ ಒಂದು ಭಾಗ, ಅದಕ್ಕೂ ಅಂಕಗಳುಂಟು. ಜರ್ಮನಿಯವರು 1974ರಲ್ಲೇ ಸ್ಟುಟ್‌ಗಾರ್ಟ್, ಮ್ಯಾನ್‌ಹೈಮ್ ನಗರಗಳಲ್ಲಿ ಇಂಥ ಕ್ರಮ ಶುರುಮಾಡಿದ್ದರು. ಇಂಗ್ಲೆಂಡಿಗೆ ಇದು ಬಂದದ್ದು 2015ರಲ್ಲಿ.

ನಮ್ಮ ದೇಶದ ಅಪ್ರೆಂಟಿಸ್ ಕಾಯಿದೆ 1961ರದು. ಅಪ್ರೆಂಟಿಸ್ ಎಂದರೆ ಐ.ಟಿ.ಐ. ಮುಗಿಸಿ ಕಾರ್ಖಾನೆಗೋ ರೈಲ್ವೆ ವರ್ಕ್‌ಶಾಪಿಗೋ ಹೋಗುವ ಹುಡುಗರು ಎಂದೇ ಬಹುಕಾಲ ನಾವು ತಿಳಿದಿದ್ದೆವು. 2014ರ ತಿದ್ದುಪಡಿಯಿಂದ ಬಿ.ಎ., ಬಿ.ಕಾಂ. ಮಾಡಿದವರಿಗೂ ಬಾಗಿಲು ತೆರೆಯಿತು. 2020ರಲ್ಲಿ ಯು.ಜಿ.ಸಿ.ಯವರು ಪದವಿಯ ಒಳಗೇ ಅಪ್ರೆಂಟಿಸ್‌ಶಿಪ್ ಸೇರಿಸಬಹುದೆಂದು ಕಾಲೇಜುಗಳಿಗೆ ಮಾರ್ಗಸೂಚಿ ಕೊಟ್ಟರು. ಹೀಗೆ ಓದುತ್ತಲೇ ತರಬೇತಿ ಪಡೆಯುವವರನ್ನು ನಿಯಮಗಳಲ್ಲಿ ‘ಡಿಗ್ರಿ ಅಪ್ರೆಂಟಿಸ್’ ಎನ್ನುತ್ತಾರೆ. 2019ರ ನಿಯಮದ ಪ್ರಕಾರ ಅವರಿಗೆ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 9,000 ರೂಪಾಯಿ.

ದಿನಚರಿ ಹೇಗಿರುತ್ತೆ?

ಕಾಗದದ ಮೇಲಿನ ಮಾತು ಇಷ್ಟಾಯಿತು. ನಿತ್ಯದ ಬದುಕಿನಲ್ಲಿ ಇದು ಹೇಗಿರುತ್ತದೆ? ನಜರ್‌ಬಾದಿನಲ್ಲಿ ನಮ್ಮ ಬೀದಿಯಲ್ಲೇ ಇರುವ ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. ಬಿ.ಕಾಂ. ಓದುತ್ತ, ಒಂದು ದೊಡ್ಡ ಅಂಗಡಿಯಲ್ಲಿ ಅಪ್ರೆಂಟಿಸ್ ಆಗಿದ್ದಾಳೆ. ಬೆಳಿಗ್ಗೆ ಎಂಟಕ್ಕೆಲ್ಲ ಡಬ್ಬಿ ಹಿಡಿದು ಸಬರ್ಬನ್ ಬಸ್ ನಿಲ್ದಾಣದ ಕಡೆ ಹೊರಡುತ್ತಾಳೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಓಡಾಟ ಉಚಿತವಾದದ್ದರಿಂದ ಬಸ್ ಚಾರ್ಜಿನ ಚಿಂತೆ ಇಲ್ಲ. ಹಗಲೆಲ್ಲ ನಿಂತೇ ಕೆಲಸ. ಬಿಲ್ ಮಾಡಬೇಕು, ಬಂದ ಸರಕನ್ನು ಪಟ್ಟಿಯೊಂದಿಗೆ ತಾಳೆ ನೋಡಬೇಕು, ತಿಂಗಳ ಕೊನೆಗೆ ದಾಸ್ತಾನು ಎಣಿಸಬೇಕು. ಸಂಜೆ ಮನೆ ಸೇರಿದ ಮೇಲೆ ಆ ದಿನ ಕಲಿತದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು. ಅದಕ್ಕೆ ಮೇಲಿನವರ ಸಹಿ ಬೇಕು, ಕಾಲೇಜಿನವರಿಗೆ ತೋರಿಸಬೇಕು. ಅದರ ಜೊತೆಗೆ ಪರೀಕ್ಷೆಯ ಪಾಠಗಳು.

‘ಕ್ಲಾಸಲ್ಲಿ ಲಾಭ-ನಷ್ಟದ ಲೆಕ್ಕ ಬರೀ ಲೆಕ್ಕ ಆಗಿತ್ತು ಆಂಟಿ. ಅಂಗಡೀಲಿ ಹತ್ತು ಪೊಟ್ಟಣ ಕಡಿಮೆ ಬಂದಾಗ ಗೊತ್ತಾಯ್ತು ನಷ್ಟ ಅಂದ್ರೇನು ಅಂತ’ ಎಂದು ಅವಳು ನಕ್ಕಿದ್ದಳು. ಇದೇ ನೋಡಿ, ಈ ಪದವಿಯ ನಿಜವಾದ ಗಳಿಕೆ.

ಆದರೆ ಮೂರನೆಯ ತಿಂಗಳಿಗೆ ಅವಳ ಮುಖ ಬಾಡಿತ್ತು. ‘ಎಲ್ಲಾ ಬಿಟ್ಬಿಡ್ತೀನಿ ಆಂಟಿ’ ಅಂದಳು. ಅಂಗಡಿಯಲ್ಲಿ ಬೈದರೇ? ಇಲ್ಲ. ಕಾಲೇಜಿನಲ್ಲಿ ಕಷ್ಟವೇ? ಅದೂ ಅಲ್ಲ. ತೊಡಕಿದ್ದದ್ದು ಅಡುಗೆಮನೆಯ ಬಚ್ಚಲಿನಲ್ಲಿ! ರಾತ್ರಿಯ ಪಾತ್ರೆ, ಮಾರನೆಯ ದಿನದ ತರಕಾರಿ ಹೆಚ್ಚುವುದು, ಭಾನುವಾರದ ಬಟ್ಟೆ, ಎಲ್ಲ ಮೊದಲಿನಂತೆ ಅವಳ ಪಾಲಿಗೇ ಇತ್ತು. ಪುಸ್ತಕ ತೆರೆಯುವಾಗ ಹತ್ತೂವರೆ. ಅದೇ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಅಣ್ಣನ ಮೇಜಿಗೆ ಕಾಫಿ ಹೋಗುತ್ತಿತ್ತು.

ಅವಳ ತಾಯಿ ಕೆಟ್ಟವರಲ್ಲ. ‘ಕೆಲಸದಿಂದ ಬಂದ್ಮೇಲೆ ನಾಲ್ಕು ಪಾತ್ರೆ ತೊಳೆಯೋದು ಏನ್ ಮಹಾ ರೀ? ನಾವು ಮಾಡ್ಲಿಲ್ವೇ?’ ಎಂದು ನನ್ನನ್ನೇ ಕೇಳಿದರು. ನಾವು ಮಾಡಿದೆವು, ನಿಜ. ಆದರೆ ಮಾಡಿದ ನಮ್ಮಲ್ಲಿ ಎಷ್ಟು ಜನರ ಓದು ಅರ್ಧಕ್ಕೇ ನಿಂತಿತು ಎಂಬುದನ್ನೂ ನೆನೆಯಬೇಕಲ್ಲವೇ?

ಆ ಮನೆಯಲ್ಲಿ ಆಮೇಲೆ ಒಂದು ಏರ್ಪಾಡಾಯಿತು. ರಾತ್ರಿಯ ತಟ್ಟೆ-ಲೋಟ ಅಣ್ಣನ ಪಾಲು. ತರಕಾರಿ ಹೆಚ್ಚುವುದು ಟಿ.ವಿ. ನೋಡುತ್ತ ಕೂರುವ ತಂದೆಯ ಪಾಲು. ಎಂಟರಿಂದ ಒಂಬತ್ತೂವರೆವರೆಗೆ ಅವಳನ್ನು ಯಾರೂ ಕರೆಯಬಾರದು. ಮೊದಲ ವಾರ ಮನೆಯಲ್ಲಿ ಗೊಣಗಾಟ ಇತ್ತು. ಅಜ್ಜಿಗಂತೂ ಮೊಮ್ಮಗ ಪಾತ್ರೆ ಮುಟ್ಟಿದ್ದು ಹಿಡಿಸಲೇ ಇಲ್ಲ. ಈಗ ರೂಢಿಯಾಗಿದೆ. ಹುಡುಗಿ ಬಿಟ್ಟಿಲ್ಲ, ಓದುತ್ತಿದ್ದಾಳೆ. ಮುಂದೆ ಅಲ್ಲೇ ಕೆಲಸ ಸಿಕ್ಕೀತೇ? ಅದನ್ನು ಈಗಲೇ ಹೇಳುವಂತಿಲ್ಲ.

ಸಹಿ ಹಾಕುವ ಮುನ್ನ

ಇಲ್ಲೇ ನಾವು ಎಚ್ಚರ ವಹಿಸಬೇಕಾದದ್ದು. ‘ಕಂಪನಿಗೆ ಸೇರಿದ್ಲು, ಇನ್ನು ಕೆಲಸ ಖಾಯಂ’ ಎಂದು ನೆಂಟರಿಗೆಲ್ಲ ಹೇಳಿಬಿಡಬೇಡಿ. ಕಾಯಿದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವಳು, ನೌಕರಳಲ್ಲ. ಆದ್ದರಿಂದ ಈ ಕೆಳಗಿನ ವಿಷಯಗಳನ್ನು ಮಗಳ ಜೊತೆ ಕೂತು ನೋಡಿ:

• ಕರಾರು ಪತ್ರ ಇದೆಯೇ, ಅದು ನೋಂದಣಿಯಾಗಿದೆಯೇ? ಬರೀ ಬಾಯಿಮಾತಿನ ಮೇಲೆ ಕಳಿಸಬೇಡಿ. ಮಗಳಿಗೆ 18 ತುಂಬಿರದಿದ್ದರೆ ಪೋಷಕರ ಸಹಿಯೂ ಬೇಕು.

• ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು ಕಾಯಿದೆ ಹೇಳುವುದಿಲ್ಲ. ಆದರೆ ಅಪ್ರೆಂಟಿಸ್‌ಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೊಂದು ನೀತಿ ಮಾಡಿಕೊಳ್ಳಬೇಕು. ‘ನಿಮ್ಮಲ್ಲಿ ಆ ನೀತಿ ಏನಿದೆ?’ ಎಂದು ಕೇಳುವುದಕ್ಕೆ ಸಂಕೋಚ ಬೇಡ.

• ಸ್ಟೈಪೆಂಡ್ ಎಷ್ಟು, ಯಾವ ತಾರೀಖಿಗೆ, ಅವಳ ಹೆಸರಿನ ಬ್ಯಾಂಕ್ ಖಾತೆಗೇ ಬರುತ್ತದೆಯೇ?

• ನೌಕರರಿಗಿರುವ ಪಿ.ಎಫ್., ಇ.ಎಸ್.ಐ. ಅಪ್ರೆಂಟಿಸ್‌ಗೆ ಇರುವುದಿಲ್ಲ. ಆದರೆ ತರಬೇತಿಯ ವೇಳೆ ಕೆಲಸದಿಂದಾಗಿ ಪೆಟ್ಟಾದರೆ ಪರಿಹಾರ ಕೊಡುವುದು ಸಂಸ್ಥೆಯ ಹೊಣೆ. ಇದು ನೆನಪಿರಲಿ.

• ಕರಾರು ನಡುವೆ ಮುರಿದರೆ ಯಾರು ಯಾರಿಗೆ ಏನು ಕೊಡಬೇಕು? ಆ ಕಲಮನ್ನು ಎರಡು ಸಲ ಓದಿ. ಅರ್ಥವಾಗದಿದ್ದರೆ ಕಾಲೇಜಿನ ಅಧ್ಯಾಪಕರನ್ನು ಕೇಳಿ.

• ಪದವಿ ಕೊಡುವುದು ಯಾವ ವಿಶ್ವವಿದ್ಯಾನಿಲಯ? ಕೆಲಸ ಕಲಿಯುವುದರ ಹೆಸರಲ್ಲಿ ಇಡೀ ಕಾಲ ಪೆಟ್ಟಿಗೆ ಎತ್ತಿಡಿಸುತ್ತಿದ್ದಾರೆಯೇ? ಅವಳ ಪುಸ್ತಕವನ್ನು ಆಗಾಗ್ಗೆ ತೆರೆದು ನೋಡಿ. ಅದರಲ್ಲಿ ವಾರವಾರವೂ ಹೊಸದೊಂದು ಕಲಿಕೆ ಕಾಣಬೇಕು. ಕಾಣದಿದ್ದರೆ ಸುಮ್ಮನಿರದೆ ಕಾಲೇಜಿನವರ ಗಮನಕ್ಕೆ ತನ್ನಿ.

ಆ ಹಣ ಯಾರದು?

ಇನ್ನೊಂದು ಸೂಕ್ಷ್ಮದ ಮಾತು. ಆ ಸ್ಟೈಪೆಂಡ್ ಬಂದ ಕೂಡಲೇ ಚೀಟಿಯ ಕಂತಿಗೋ ಅಣ್ಣನ ಫೀಸಿಗೋ ಪೂರ್ತಿ ಕೊಡಬೇಡಿ. ಮನೆಗೆ ಒಂದು ಪಾಲು ಕೊಡಲಿ, ತಪ್ಪಿಲ್ಲ. ಕೊಡುವುದನ್ನು ಕಲಿಯುವುದೂ ಒಂದು ವಿದ್ಯೆಯೇ. ಆದರೆ ಪರೀಕ್ಷೆಯ ಫೀಸು, ಪುಸ್ತಕ, ಒಂದು ಒಳ್ಳೆಯ ಚಪ್ಪಲಿ (ದಿನವಿಡೀ ನಿಲ್ಲುವ ಕಾಲುಗಳವು!) ಇವನ್ನು ಮೊದಲು ತೆಗೆದಿಡಿ. ಉಳಿದದ್ದರಲ್ಲಿ ಸ್ವಲ್ಪ ಅವಳ ಖಾತೆಯಲ್ಲೇ ಬೆಳೆಯಲಿ.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಈ ಹುಡುಗಿಯರು ಓದಿನಲ್ಲೊಂದು ಕೈ, ದುಡಿಮೆಯಲ್ಲೊಂದು ಕೈ ಇಟ್ಟಿದ್ದಾರೆ. ಮೂರನೆಯ ಕೈ ಅವರಿಗಿಲ್ಲ ಎಂಬುದನ್ನು ಮನೆಯವರಾದ ನಾವು ಅರಿತರೆ ಸಾಕು. ಸೋದರಿಯರೇ, ಮಗಳು ಈ ದಾರಿಗೆ ಕಾಲಿಡುವ ದಿನವೇ ಮನೆಯವರನ್ನೆಲ್ಲ ಕೂರಿಸಿಕೊಂಡು ಮನೆಗೆಲಸವನ್ನು ಹಂಚಿಬಿಡಿ. ಕರಾರು ಕಂಪನಿಯ ಜೊತೆ ಮಾತ್ರ ಅಲ್ಲ, ಮನೆಯ ಜೊತೆಗೂ ಆಗಬೇಕು.