ಕೇಳದ ಸದ್ದು ಕೀಳುವ ಧೂಳು

ದಿನವಿಡೀ ಗಿರ್ರನೆ ತಿರುಗುವ ಫ್ಯಾನಿನ ರೆಕ್ಕೆಯ ಮೇಲೂ ಧೂಳು ಕೂರುತ್ತದೆ. ಆ ವೇಗಕ್ಕೆ ಹಾರಿಹೋಗಬೇಕಿತ್ತಲ್ಲ! ರೆಕ್ಕೆಗೆ ಒತ್ತಿಕೊಂಡ ಗಾಳಿಯ ತೆಳುಪದರವೂ ರೆಕ್ಕೆಯ ಜೊತೆಗೇ ತಿರುಗುತ್ತಿರುತ್ತದೆ; ಅದರೊಳಗೆ ಅಡಗಿದ ಕಣಕ್ಕೆ ಬೀಸುಗಾಳಿ ತಾಕುವುದೇ ಇಲ್ಲ. ಚಿಪ್ ತಯಾರಕರ ತಲೆನೋವೂ ಇದೇ, ಅಲ್ಲಿ ಗಾಳಿಯ ಜಾಗದಲ್ಲಿ ನೀರು.

ಚಿಪ್‌ಗಳು ಮೈದಳೆಯುವುದು ವೇಫರ್ ಎಂಬ ಸಿಲಿಕಾನ್ ಬಿಲ್ಲೆಯ ಮೇಲೆ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಕಣ ಅದರ ಮೇಲೆ ತಪ್ಪು ಜಾಗದಲ್ಲಿ ಕೂತರೂ ಒಂದು ಚಿಪ್ ಕೆಡಬಹುದು. ಕಣ ಚಿಕ್ಕದಾದಷ್ಟೂ ಕೀಳುವುದು ಕಷ್ಟ ಎನ್ನುವುದು ಇಲ್ಲಿನ ತಮಾಷೆ. ಗಾತ್ರ ಹತ್ತು ಪಟ್ಟು ಕುಗ್ಗಿದರೆ ಅದನ್ನು ಅಂಟಿಸಿಟ್ಟ ವಾನ್ ಡರ್ ವಾಲ್ಸ್ ಸೆಳೆತ ಹತ್ತರಲ್ಲೊಂದಾಗುತ್ತದೆ. ಹರಿವ ನೀರಿನ ನೂಕುಬಲವೋ, ನೂರರಲ್ಲೊಂದಕ್ಕೆ ಇಳಿಯುತ್ತದೆ.

ಶಬ್ದ ನೆರವಿಗೆ ಬರುವುದು ಇಲ್ಲಿಯೇ. ಕನ್ನಡಕ, ಒಡವೆ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಸೆಕೆಂಡಿಗೆ ಸುಮಾರು 40 ಸಾವಿರ ಕಂಪನಗಳಿರುತ್ತವೆ. ವೇಫರಿಗೆ ಬಳಸುವ ಮೆಗಾಸಾನಿಕ್ ವಿಧಾನದಲ್ಲಿ ಹತ್ತು ಲಕ್ಷದ ಆಸುಪಾಸು. ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ 1970ರ ದಶಕದಲ್ಲಿ ರೂಪುಗೊಂಡ ಈ ತಂತ್ರವನ್ನು ಮೇಯರ್ ಮತ್ತು ಶ್ವಾರ್ಟ್ಸ್‌ಮನ್ 1979ರ ಪ್ರಬಂಧದಲ್ಲಿ ವಿವರಿಸಿದರು. ವಿದ್ಯುತ್ತಿಗೆ ಹಿಗ್ಗಿ ಕುಗ್ಗುವ ಪೀಜೋ ಪಿಂಗಾಣಿ ಬಿಲ್ಲೆಗಳೇ ಇದರ ಧ್ವನಿವರ್ಧಕ.

ಕಂಪನ ಹೆಚ್ಚಿದಂತೆ ವೇಫರಿಗೆ ಒತ್ತಿಕೊಂಡ ನೀರಿನ ನಿಶ್ಚಲ ಪದರ ತೆಳುವಾಗುತ್ತದೆ: 40 ಸಾವಿರಕ್ಕೆ ಸುಮಾರು 3 ಮೈಕ್ರಾನ್, ಹತ್ತು ಲಕ್ಷಕ್ಕೆ ಅರ್ಧ ಮೈಕ್ರಾನಿಗಿಂತ ತುಸು ಹೆಚ್ಚು. ಅವಿತಿದ್ದ ಕಣದ ತಲೆ ಹೊರಬೀಳುತ್ತದೆ. ಆದರೆ ಹೆಚ್ಚಿನ ಕೆಲಸ ಮಾಡುವುದು ಗುಳ್ಳೆಗಳು ಎನ್ನಬೇಕು. ಒತ್ತಡ ಇಳಿದಾಗ ನೀರಿನಲ್ಲಿ ಹುಟ್ಟುವ ಗುಳ್ಳೆ, ಒತ್ತಡ ಏರಿದಾಗ ಕುಸಿಯುತ್ತದೆ. ಕಡಿಮೆ ಕಂಪನದಲ್ಲಿ ಅದಕ್ಕೆ ದೊಡ್ಡದಾಗಿ ಬೆಳೆಯಲು ಪುರುಸೊತ್ತಿದೆ. ಕುಸಿದಾಗ ವೇಫರಿನ ಮೈಯಲ್ಲೇ ಗುಳಿ ಬೀಳಬಹುದು. ಮೆಗಾಸಾನಿಕ್‌ನಲ್ಲಿ ಅದು ಕೆಲವೇ ಮೈಕ್ರಾನಿಗೆ ಬೆಳೆಯುವಷ್ಟರಲ್ಲಿ ಒತ್ತಡ ತಿರುಗಿಬೀಳುತ್ತದೆ. ಆ ಪುಟ್ಟ ಗುಳ್ಳೆ ಮಿಡಿಯುತ್ತ ಸುತ್ತಲಿನ ನೀರನ್ನು ಸುಳಿಯಾಡಿಸಿ ಕಣವನ್ನು ಎಬ್ಬಿಸುತ್ತದೆ. ನೀರಿನಲ್ಲಿ ಕರಗಿದ ಅನಿಲವನ್ನೆಲ್ಲ ತೆಗೆದುಬಿಟ್ಟರೆ ತೊಳೆತ ಸಪ್ಪೆಯಾಗುವುದು ಗುಳ್ಳೆಗಳ ಪಾತ್ರಕ್ಕೆ ಒಳ್ಳೆಯ ಸಾಕ್ಷಿ.

ಎದ್ದ ಕಣ ಮತ್ತೆ ಕೂರಬಾರದಲ್ಲ? ಅದಕ್ಕೆ ನೀರಿಗೆ ಅಮೋನಿಯಾ, ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುತ್ತಾರೆ. ಇದೂ ಆರ್‌ಸಿಎ ಕೊಡುಗೆಯೇ. 1965ರಲ್ಲಿ ವರ್ನರ್ ಕರ್ನ್ ರೂಪಿಸಿದ್ದು. ಈ ದ್ರಾವಣದಲ್ಲಿ ಕಣಕ್ಕೂ ವೇಫರಿಗೂ ಋಣ ವಿದ್ಯುದಂಶ ಬಂದು ಒಂದನ್ನೊಂದು ದೂರ ತಳ್ಳುತ್ತವೆ.

ಹಾಗೆಂದು ಶಬ್ದವನ್ನು ಜೋರು ಮಾಡಿದರೆ ಕೊಳೆ ಬೇಗ ಹೋದೀತು ಎಂದುಕೊಳ್ಳುವಂತಿಲ್ಲ. ವೇಫರಿನ ಮೇಲೆ ಕೊರೆದ ಗೆರೆಗಳು ಈಗ ಹತ್ತಾರು ನ್ಯಾನೋಮೀಟರಿನಷ್ಟೇ ದಪ್ಪ, ಮೇಲಾಗಿ ನೆಟ್ಟಗೆ ನಿಂತ ಗೋಡೆಗಳು. ಕಣವನ್ನು ಕೀಳಬಲ್ಲ ಗುಳ್ಳೆ ಗೆರೆಯನ್ನೂ ಕೆಡವಬಲ್ಲದು. ಈ ಎರಡಕ್ಕೂ ಬೇಕಾದ ಬಲಗಳ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಆದ್ದರಿಂದ ತೀರಾ ನವಿರಾದ ವಿನ್ಯಾಸಗಳಿರುವ ಹಂತಗಳಲ್ಲಿ ಮೆಗಾಸಾನಿಕ್ ಬಿಟ್ಟು, ನೈಟ್ರೋಜನ್ ಅನಿಲದ ಜೊತೆ ಸಣ್ಣ ನೀರಹನಿಗಳನ್ನು ಸಿಂಪಡಿಸುವ ವಿಧಾನವನ್ನೂ ಕಾರ್ಖಾನೆಗಳು ಬಳಸುತ್ತಿವೆ.