ನಾಲ್ಕು ಪಟ್ಟೋ, ಮೂರರಿಂದ ಒಂಬತ್ತೋ

ಕ್ಯಾಲಿಫೋರ್ನಿಯದ ಸ್ಯಾನ್ ಹೊಸೆಯ ಪೂರ್ವಕ್ಕಿರುವ ಹ್ಯಾಮಿಲ್ಟನ್ ಬೆಟ್ಟದ ನೆತ್ತಿಯ ಮೇಲೆ, ಸುಮಾರು 4,200 ಅಡಿ ಎತ್ತರದಲ್ಲಿ, ಲಿಕ್ ವೀಕ್ಷಣಾಲಯವಿದೆ. 1888ರಲ್ಲಿ ಸಿದ್ಧವಾದ ಅಲ್ಲಿನ ದೂರದರ್ಶಕದ ಮಸೂರ 36 ಅಂಗುಲ ಅಗಲದ್ದು. 1892ರಲ್ಲಿ ಎಡ್ವರ್ಡ್ ಬರ್ನಾರ್ಡ್ ಗುರುಗ್ರಹದ ಐದನೇ ಚಂದ್ರನನ್ನು ಪತ್ತೆಹಚ್ಚಿದ್ದು ಇದಕ್ಕೆ ಕಣ್ಣಿಟ್ಟೇ. ನೋಡುವ ವಸ್ತು ಇನ್ನಷ್ಟು ದೊಡ್ಡದಾಗಿ ಕಾಣಬೇಕೆಂದರೆ ಖಗೋಳಜ್ಞರು ಕಣ್ಣಿನ ಕಡೆಯ ಮಸೂರ ತೆಗೆದು ಬೇರೊಂದನ್ನು ಕೂರಿಸುತ್ತಾರೆ. ನಕ್ಷತ್ರಗಳು ಅಷ್ಟು ಹೊತ್ತು ಕಾಯುತ್ತವೆ.

ಇದೇ ಬೆಟ್ಟಸಾಲಿನ ಓಕ್ ಮರಗಳ ಇಳಿಜಾರುಗಳಲ್ಲಿ ಆಗಸ್ಟ್ ತಿಂಗಳಲ್ಲಿ ಕಪ್ಪುಬಾಲದ ಜಿಂಕೆಯ ಬೇಟೆ ಶುರುವಾಗುತ್ತದೆ. ಜಿಂಕೆ ಕಾಯುವುದಿಲ್ಲ. ಕೋವಿಯ ಮೇಲಿನ ದೂರದರ್ಶಕ, ಅಂದರೆ ಸ್ಕೋಪ್, ಪ್ರತಿ ಗುಂಡಿಗೂ ಒದೆತ ತಿನ್ನಬೇಕು, ಮಂಜಿನಲ್ಲಿ ನೆನೆಯಬೇಕು, ಜೀಪಿನಲ್ಲಿ ಕುಲುಕಬೇಕು. ಇಷ್ಟಾದ ಮೇಲೂ ಅದರೊಳಗಿನ ಗುರಿ ತೋರಿಸುವ ಗೆರೆ (ಕ್ರಾಸ್‌ಹೇರ್) ಕೂದಲೆಳೆಯಷ್ಟೂ ಅಲುಗಬಾರದು. ಹೊಸದಾಗಿ ರೈಫಲ್ ಕೊಳ್ಳುವವರು ಇಂದಿಗೂ ಕೇಳುವ ಪ್ರಶ್ನೆ, ಒಂದೇ ಪಟ್ಟಿನ ಫಿಕ್ಸೆಡ್ ಸ್ಕೋಪ್ ಒಳ್ಳೆಯದೋ ಪಟ್ಟು ಬದಲಿಸಬಹುದಾದ ವೇರಿಯಬಲ್ ಸ್ಕೋಪ್ ಒಳ್ಳೆಯದೋ ಎನ್ನುವುದು, ಹುಟ್ಟಿದ್ದು ಈ ಕಷ್ಟದಿಂದ.

ಅಮೆರಿಕದಲ್ಲಿ ಸ್ಕೋಪ್ ಬಂದದ್ದು ನಳಿಗೆಯಷ್ಟೇ ಉದ್ದದ ಹಿತ್ತಾಳೆಯ ಅಥವಾ ಉಕ್ಕಿನ ಕೊಳವೆಯಾಗಿ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ವಿಲಿಯಂ ಮ್ಯಾಲ್ಕಮ್ 1855ರಲ್ಲಿ ಸ್ವಂತ ಕಸುಬು ಹೂಡಿ, ಬಣ್ಣ ಚೆದುರದ ಮಸೂರಗಳನ್ನು ಬಳಸಿ ನೋಟವನ್ನು ತಿಳಿಯಾಗಿಸಿದ. ಆದರೂ ಅದು ಸಾಮಾನ್ಯರ ಕೈಗೆಟುಕುವ ವಸ್ತುವಾಗಿರಲಿಲ್ಲ. ಆ ಸ್ಥಿತಿ ಬದಲಾದದ್ದು 1930ರಲ್ಲಿ. ಬಿಲ್ ವೀವರ್ ಎಂಬ ಯುವಕ 330 ಎಂಬ ಮಾದರಿಯನ್ನು 19 ಡಾಲರಿಗೆ ಮಾರತೊಡಗಿದ. ಸಣ್ಣ ಕೊಳವೆ, ಮೂರು ಪಟ್ಟಿಗಿಂತ ತುಸು ಕಡಿಮೆಯ ಒಂದೇ ಹಿಗ್ಗು. ರೈತನೂ ಕೊಳ್ಳಬಹುದಾದ ಸ್ಕೋಪ್ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವನದೇ ಕೆ4 ಬಂತು. ಅಮೆರಿಕದ ಬೇಟೆಗಾರರ ಒಂದು ಇಡೀ ತಲೆಮಾರಿಗೆ ಸ್ಕೋಪ್ ಎಂದರೆ ನಾಲ್ಕು ಪಟ್ಟು ಎಂದೇ ಅರ್ಥವಾಗಿತ್ತು.

ಪಟ್ಟು ಬದಲಿಸುವ ಸ್ಕೋಪ್ ಆಗ ಇರಲಿಲ್ಲವೆಂದಲ್ಲ. ಜರ್ಮನಿಯ ಝೈಸ್ ಕಂಪನಿ 1920ರ ದಶಕದಲ್ಲೇ ಒಂದರಿಂದ ನಾಲ್ಕು ಪಟ್ಟಿನ ಝೀಲ್‌ಮುಲ್ಟಿ ಮಾಡಿತ್ತು. ಆದರೆ ಜನ ಅದನ್ನು ನಂಬಲು ದಶಕಗಳೇ ಬೇಕಾದವು, ಆ ಅಪನಂಬಿಕೆ ಬರೀ ಹಳೆಕಾಲದವರ ಹಟವೂ ಆಗಿರಲಿಲ್ಲ.

ಕಾರಣ ಕೊಳವೆಯ ಒಳಗಿದೆ. ಮುಂದಿನ ಮಸೂರ ಮೂಡಿಸುವ ಚಿತ್ರ ತಲೆಕೆಳಗಾಗಿರುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಲು ನಡುವೆ ಇನ್ನೊಂದು ಜೋಡಿ ಮಸೂರ ಬೇಕು. ಫಿಕ್ಸೆಡ್ ಸ್ಕೋಪಿನಲ್ಲಿ ಆ ಜೋಡಿ ಬಿಗಿಯಾಗಿ ಕೂತಿರುತ್ತದೆ. ವೇರಿಯಬಲ್‌ನಲ್ಲಿ ಅದೇ ಜೋಡಿ ಹಿಂದಕ್ಕೂ ಮುಂದಕ್ಕೂ ಜಾರಬೇಕು. ಹೊರಗಿನ ಬಳೆಯನ್ನು ತಿರುಗಿಸಿದರೆ ಒಳಗೆ ಓರೆಗೀರು ಕೊರೆದ ಇನ್ನೊಂದು ಕೊಳವೆ ತಿರುಗುತ್ತದೆ; ಆ ಗೀರಿನಲ್ಲಿ ಸಿಕ್ಕಿಸಿದ ಪುಟ್ಟ ಮೊಳೆಗಳು ಮಸೂರಗಳನ್ನು ಎಳೆದೊಯ್ಯುತ್ತವೆ. ಗೀರು ಮೊಳೆಗಿಂತ ಒಂದಿಷ್ಟು ಅಗಲವಾದರೂ ಸಾಕು, ಮಸೂರ ಪಕ್ಕಕ್ಕೆ ವಾಲುತ್ತದೆ. ಕ್ರಾಸ್‌ಹೇರ್ ಈ ಮಸೂರಗಳಿಗಿಂತ ಮುಂದಿದ್ದರೆ ಚಿತ್ರವೂ ಗೆರೆಯೂ ಜೊತೆಯಾಗಿ ವಾಲುವುದರಿಂದ ಗುರಿ ಕೆಡುವುದಿಲ್ಲ. ಯುರೋಪಿನವರು ಇದನ್ನೇ ಮೆಚ್ಚಿದ್ದರು. ಆದರೆ ಅಲ್ಲಿ ಪಟ್ಟು ಹೆಚ್ಚಿಸಿದಂತೆ ಗೆರೆಯೂ ದಪ್ಪವಾಗುತ್ತದೆ. ಅಮೆರಿಕನ್ನರಿಗೆ ಅದು ಹಿಡಿಸದೆ ಗೆರೆಯನ್ನು ಹಿಂದಕ್ಕೆ, ಕಣ್ಣಿನ ಕಡೆಗೆ ಸರಿಸಿದರು. ಆಗ ಗೆರೆಯೇನೋ ತೆಳ್ಳಗುಳಿಯಿತು. ಮಸೂರದ ಸಡಿಲ ಮಾತ್ರ ನೇರವಾಗಿ ಗುರಿಯ ಮೇಲೆ ಬಿತ್ತು. ಮೂರು ಪಟ್ಟಿನಲ್ಲಿ ನಡುವಿಗೆ ಬಡಿದ ಗುಂಡು ಒಂಬತ್ತು ಪಟ್ಟಿನಲ್ಲಿ ಬೇರೆಲ್ಲೋ ಬಡಿಯುತ್ತಿತ್ತು.

ಇನ್ನೊಂದು ಶತ್ರು ಮಂಜು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಇದ್ದವರಿಗೆ ಇದನ್ನು ವಿವರಿಸಬೇಕಿಲ್ಲ: ಕಡಲ ಕಡೆ ಬೆಳಗ್ಗೆ ಸ್ವೆಟರ್ ಬೇಕು, ಬೆಟ್ಟ ದಾಟಿ ಲಿವರ್‌ಮೋರ್ ತಲುಪುವಷ್ಟರಲ್ಲಿ ಬೆವರು. ಇಂಥ ಏರುಪೇರಿನಲ್ಲಿ ಕೊಳವೆಯೊಳಗಿನ ತೇವ ಗಾಜಿಗೆ ಅಂಟುತ್ತದೆ. ಉತ್ತರದ ನೆರೆರಾಜ್ಯ ಆರೆಗಾನ್‌ನಲ್ಲಿ ಭೂಮಾಪನದ ಉಪಕರಣಗಳನ್ನು ಮಾಡಿಕೊಂಡಿದ್ದ ಲ್ಯುಪೋಲ್ಡ್ ಮನೆತನದ ಮಾರ್ಕಸ್, ಮಂಜು ಕವಿದ ಸ್ಕೋಪಿನಿಂದಾಗಿ ಜಿಂಕೆ ತಪ್ಪಿಹೋದ ಸಿಟ್ಟಿನಲ್ಲಿ ತಾನೇ ಸ್ಕೋಪ್ ಮಾಡಲು ಹೊರಟ ಎನ್ನುವುದು ಆ ಕಂಪನಿ ಹೇಳಿಕೊಂಡು ಬಂದ ಕಥೆ. 1940ರ ದಶಕದ ಕೊನೆಯಲ್ಲಿ ಅವರು ಕೊಳವೆಯ ಗಾಳಿ ತೆಗೆದು ಒಣ ನೈಟ್ರೋಜನ್ ತುಂಬತೊಡಗಿದರು. ತಿರುಗುವ ಬಳೆಯಿದ್ದ ಕಡೆಯೂ ಗಾಳಿ ಸೋರದಂತೆ ಬಿಗಿಮಾಡುವುದು ಸಾಧ್ಯವಾದ ಮೇಲೆ ವೇರಿಯಬಲ್ ಸ್ಕೋಪಿಗೆ ಬೇಟೆಗಾರರಲ್ಲಿ ಬೆಲೆ ಬಂತು.

ಸೈನ್ಯದ ಅನುಭವ ನೇರ ದಾರಿಯಲ್ಲಿ ಸಾಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮರೀನ್ ಗುರಿಕಾರರಿಗೆ ಯುನರ್ಟಲ್ ಕಂಪನಿಯ ಎಂಟು ಪಟ್ಟಿನ ಫಿಕ್ಸೆಡ್ ಸ್ಕೋಪ್ ಇತ್ತು. 1966ರಲ್ಲಿ ವಿಯೆಟ್ನಾಂ ಯುದ್ಧಕ್ಕೆಂದು ಎಂ40 ರೈಫಲ್ ಬಂದಾಗ ಅದರ ಮೇಲೆ ರೆಡ್‌ಫೀಲ್ಡ್‌ನ ಮೂರರಿಂದ ಒಂಬತ್ತು ಪಟ್ಟಿನ ವೇರಿಯಬಲ್ ಕೂತಿತು. ಅಲ್ಲಿನ ಸೆಖೆ, ಬಿಸಿಲಿಗೆ ಅದು ಬಾಳಲಿಲ್ಲ. ಮುಂದಿನ ಎಂ40ಎ1ಗೆ ಮತ್ತೆ ಯುನರ್ಟಲ್‌ನ ಫಿಕ್ಸೆಡ್, ಈ ಸಲ ಹತ್ತು ಪಟ್ಟು. 1988ರಲ್ಲಿ ಭೂಸೇನೆಯ ಎಂ24 ರೈಫಲಿಗೂ ಲ್ಯುಪೋಲ್ಡ್‌ನ ಹತ್ತು ಪಟ್ಟಿನ ಫಿಕ್ಸೆಡ್ಡೇ. ಆದರೆ ಎಂ24ರ ಜಾಗಕ್ಕೆ ಬಂದ ಎಂ2010ಕ್ಕೆ ಆರೂವರೆಯಿಂದ ಇಪ್ಪತ್ತು ಪಟ್ಟಿನ ವೇರಿಯಬಲ್ ಕೊಟ್ಟರು. ಓರೆಗೀರನ್ನು ಕರಾರುವಾಕ್ಕಾಗಿ ಕೊರೆಯುವ ಯಂತ್ರಗಳು ಅಷ್ಟರಲ್ಲಿ ಬಂದಿದ್ದವು. ಗೆದ್ದದ್ದು ಆ ಕೊರೆತ, ಹೆಚ್ಚು ಪಟ್ಟಿನ ಆಸೆಯಲ್ಲ ಎಂದು ನಾನು ನಂಬುತ್ತೇನೆ.

ನಮ್ಮ ಕೊಡಗು, ಮಲೆನಾಡಿನ ಕಡೆ ಕೇಪಿನ ಕೋವಿ, ತೋಟಾ ಕೋವಿಗಳನ್ನು ಕಂಡು ಬೆಳೆದವರಿಗೆ ಈ ಗಾಜಿನ ಗೋಜು ಹೊಸದು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಬರಿಗಣ್ಣಿನಲ್ಲಿ. 1972ರ ವನ್ಯಜೀವಿ ಕಾಯ್ದೆಯ ನಂತರ ಅಲ್ಲಿ ಬೇಟೆಯ ಮಾತೂ ಇಲ್ಲ. ಅಂಥ ಕಣ್ಣು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶಕ್ಕೆ ಬಂದು ಅಂಗಡಿಯ ಕಪಾಟಿನ ಮುಂದೆ ನಿಂತರೆ ದೊಡ್ಡ ಅಂಕಿಯ ಕಡೆಗೇ ಹೊರಳುತ್ತದೆ. ನೋಡಬೇಕಾದ್ದು ಸಣ್ಣ ಅಂಕಿ. ಪೊದೆಯಿಂದ ಮೂವತ್ತು ಗಜದಲ್ಲಿ ಹಂದಿ ಎದ್ದರೆ ಆರು ಪಟ್ಟಿನಲ್ಲಿ ಬರೀ ರೋಮ ಕಾಣುತ್ತದೆ, ಎರಡು ಪಟ್ಟಿನಲ್ಲಿ ಇಡೀ ಹಂದಿ ಕಾಣುತ್ತದೆ.

ಬೆಳಕಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಮುಂದಿನ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ. 32 ಮಿಲಿಮೀಟರಿನ ನಾಲ್ಕು ಪಟ್ಟಿನ ಫಿಕ್ಸೆಡ್‌ನಲ್ಲಿ ಅದು 8. 40 ಮಿಲಿಮೀಟರಿನ ವೇರಿಯಬಲ್ ಅನ್ನು ಒಂಬತ್ತಕ್ಕೆ ಏರಿಸಿದರೆ 4.4. ಕತ್ತಲಲ್ಲಿ ಎಳೆಯರ ಪಾಪೆ ಸುಮಾರು 7 ಮಿಲಿಮೀಟರ್ ಅರಳುತ್ತದೆ. ಕ್ಯಾಲಿಫೋರ್ನಿಯದಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯವರೆಗೂ ಜಿಂಕೆಗೆ ಗುರಿಯಿಡಲು ಕಾನೂನು ಬಿಡುತ್ತದೆ. ಆ ಅರ್ಧ ಗಂಟೆಯಲ್ಲಿ ವೇರಿಯಬಲ್ ಇದ್ದವರೂ ಬಳೆಯನ್ನು ನಾಲ್ಕೈದಕ್ಕೆ ಇಳಿಸಲೇಬೇಕು. ಬೆಲೆ ಒಂದೇ ಆದರೆ ಫಿಕ್ಸೆಡ್‌ನಲ್ಲಿ ಸಿಗುವ ಗಾಜು ಸಾಮಾನ್ಯವಾಗಿ ಮೇಲ್ಮಟ್ಟದ್ದು, ತೂಕವೂ ಹಗುರ. ಹಾಗಿದ್ದೂ ಒಂದೇ ರೈಫಲಿನಲ್ಲಿ ಪೊದೆಯಂಚಿನ ಹಂದಿ, ಕಣಿವೆಯಾಚೆಯ ಜಿಂಕೆ ಎರಡನ್ನೂ ಹೊಡೆಯಬೇಕಾದವರಿಗೆ ಎರಡರಿಂದ ಏಳು ಪಟ್ಟಿನ ವೇರಿಯಬಲ್ಲೇ ಸರಿ ಎನ್ನುತ್ತೇನೆ.

ಕೊಂಡ ಮೇಲೆ ಪರೀಕ್ಷಿಸಲು ಜಾಗ ಮೊದಲಿನಷ್ಟಿಲ್ಲ. ಈಸ್ಟ್ ಬೇ ಜನ 1963ರಿಂದ ಹೋಗುತ್ತಿದ್ದ ಆಂಟನಿ ಚಾಬಟ್ ಪಾರ್ಕಿನ ಗುರಿಮೈದಾನ ಸೀಸದ ಮಾಲಿನ್ಯದ ಪ್ರಶ್ನೆಯ ನಡುವೆ 2016ರಲ್ಲಿ ಮುಚ್ಚಿತು. 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧ. ತಾಮ್ರದ ಗುಂಡಿಗೆ ಬದಲಾದವರು ಗುರಿಯನ್ನು ಮತ್ತೆ ಹೊಂದಿಸಿಕೊಳ್ಳಲೇಬೇಕು. ಹೇಗೂ ಮೈದಾನಕ್ಕೆ ಹೋದಾಗ ವೇರಿಯಬಲ್ ಇದ್ದವರು ನೂರು ಗಜದಲ್ಲಿ ಒಂದೇ ಕಾಗದ ಅಂಟಿಸಿ ಕೆಳಗಿನ ಪಟ್ಟಿನಲ್ಲಿ ಮೂರು, ಮೇಲಿನ ಪಟ್ಟಿನಲ್ಲಿ ಮೂರು ಗುಂಡು ಹಾರಿಸಿ ನೋಡಬೇಕು. ಆರೂ ತೂತು ಒಂದೇ ಗುಂಪಿನಲ್ಲಿದ್ದರೆ ಒಳಗಿನ ಗೀರು, ಮೊಳೆ ಬಿಗಿಯಾಗಿವೆ. ಎರಡು ಗುಂಪು ಬೇರೆಬೇರೆ ಬಿದ್ದರೆ, ಇನ್ನೊಮ್ಮೆ ಹಾರಿಸಿದಾಗಲೂ ಹಾಗೇ ಆದರೆ, ಆ ಸ್ಕೋಪನ್ನು ಅಂಗಡಿಗೆ ಮರಳಿಸಿ.